ಡಿಸ್ಕ್‌ಗಳನ್ನು ಜೋಡಿ ಹೂಡುವುದು: ಸಾಫ್ಟ್‌ವೇರ್ ಸ್ಟ್ರೈಪಿಂಗ್‌ನಲ್ಲಿ ಯಾವ ವಿಧಾನ ಯಾವ ಕೆಲಸಕ್ಕೆ

ಮೈಸೂರಿನ ಒಂದು ವಿಡಿಯೊ ಸ್ಟುಡಿಯೊ ಜಂಬೂ ಸವಾರಿಯನ್ನು ನಾಲ್ಕು ಕ್ಯಾಮೆರಾದಲ್ಲಿ ಹಿಡಿದಿದೆ ಎಂದುಕೊಳ್ಳಿ. ಒಂದು ಅರಮನೆ ಆವರಣದಲ್ಲಿ, ಒಂದು ಕೆ.ಆರ್. ವೃತ್ತದಲ್ಲಿ, ಒಂದು ಸಯ್ಯಾಜಿರಾವ್ ರಸ್ತೆಯ ಯಾವುದೋ ಮಹಡಿಯ ಮೇಲೆ, ಕೊನೆಯದು ಬನ್ನಿಮಂಟಪದಲ್ಲಿ. ಪ್ರತಿಯೊಂದೂ ನಾಲ್ಕು ಗಂಟೆ, 4ಕೆ, ಸೆಕೆಂಡಿಗೆ 100 ಮೆಗಾಬಿಟ್. ಅಂದರೆ ಸೆಕೆಂಡಿಗೆ 12.5 ಎಂಬಿ, ಒಂದು ಕ್ಯಾಮೆರಾದ ಪಾಲು 180 ಜಿಬಿ, ನಾಲ್ಕೂ ಸೇರಿ 720 ಜಿಬಿ. ಎಡಿಟಿಂಗ್‌ಗೆ ಹಗುರಾಗಲಿ ಎಂದು ಇದನ್ನೇ ಪ್ರೋರೆಸ್ 422 ಎಂಬ ಎಡಿಟಿಂಗ್ ವಿಡಿಯೊ ಮಾದರಿಗೆ ಪರಿವರ್ತಿಸಿದರೆ 25 ಫ್ರೇಮಿನ 4ಕೆ ಚಿತ್ರಕ್ಕೆ ಸೆಕೆಂಡಿಗೆ 492 ಮೆಗಾಬಿಟ್ ಬೇಕು, ಸುಮಾರು 61.5 ಎಂಬಿ. ಆಗ ಒಟ್ಟು ಗಾತ್ರ 3.5 ಟಿಬಿ ದಾಟುತ್ತದೆ. ನಾಲ್ಕೂ ಕ್ಯಾಮೆರಾವನ್ನು ಒಂದೇ ಪರದೆಯಲ್ಲಿ ಓಡಿಸಲು ಡಿಸ್ಕ್ ಸೆಕೆಂಡಿಗೆ 246 ಎಂಬಿ ಕೊಡಬೇಕು.

ಸ್ಟ್ರೈಪಿಂಗ್ ಎಂಬ ಯೋಚನೆ ಬರುವುದು ಇಲ್ಲೇ. ಫೈಲನ್ನು ಸಣ್ಣ ತುಂಡುಗಳಾಗಿ ಒಡೆದು ಒಂದನೇ ತುಂಡು ಈ ಡಿಸ್ಕ್‌ಗೆ, ಎರಡನೆಯದು ಆ ಡಿಸ್ಕ್‌ಗೆ, ಮೂರನೆಯದು ಮತ್ತೆ ಈ ಡಿಸ್ಕ್‌ಗೆ ಎಂದು ಸರದಿಯಲ್ಲಿ ಹಂಚುವುದು. ಓದುವಾಗ ಎರಡೂ ಡಿಸ್ಕ್ ಒಟ್ಟಿಗೆ ದುಡಿಯುತ್ತವೆ. ಎರಡೆತ್ತಿನ ಗಾಡಿಯ ಲೆಕ್ಕ: ಹೊರೆ ಇಬ್ಭಾಗ, ಆದರೆ ಒಂದೆತ್ತು ಮಲಗಿದರೆ ಗಾಡಿಯೇ ನಿಂತಿತು.

ಲಿನಕ್ಸ್‌ನಲ್ಲಿ ಇದಕ್ಕೆ ನಾಲ್ಕು ದಾರಿಗಳಿವೆ: ಎಂಡಿ ರೇಡ್, ಎಲ್‌ವಿಎಂ, ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್. ರೇಡ್ ಎಂದರೆ ಹಲವು ಡಿಸ್ಕನ್ನು ಒಂದಾಗಿ ಕೂಡಿಸುವುದು. ಮೊದಲೆರಡು ಡಿಸ್ಕ್‌ಗಳನ್ನು ಕೂಡಿಸುತ್ತವೆ ಅಷ್ಟೇ, ಫೈಲ್ ಸಿಸ್ಟಂ ಬೇರೆ ಹಾಕಬೇಕು; ಕೊನೆಯೆರಡು ತಾವೇ ಫೈಲ್ ಸಿಸ್ಟಂಗಳು. ಯಾವುದು ಹೆಚ್ಚು ವೇಗ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಅದೇ ಡಿಸ್ಕ್‌ಗಳ ಮೇಲೆ, ದೊಡ್ಡ ಫೈಲಿನ ಕೆಲಸಕ್ಕೆ ಎಂಡಿಗೂ ಎಲ್‌ವಿಎಂಗೂ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸ ಬರುವುದು ಎರಡು ದಿನ ಮಾತ್ರ: ಡಿಸ್ಕ್ ತುಂಬಿದ ದಿನ, ಡಿಸ್ಕ್ ಕೆಟ್ಟ ದಿನ. ಆಯ್ಕೆಯನ್ನು ಆ ಎರಡು ದಿನಗಳನ್ನು ನೆನೆದು ಮಾಡಬೇಕು.

ಒಂದು ಸೂಚನೆ: ಆದೇಶಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆದಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ. ಆದೇಶಗಳೂ ಫೈಲ್‌ಗಳಿರುವ ಜಾಗಗಳೂ ಉಬುಂಟು, ಡೆಬಿಯನ್‌ಗೆ ಹೊಂದುವಂತಿವೆ.

ಮೊದಲು ಅಳೆಯಿರಿ, ಆಮೇಲೆ ಕೊಳ್ಳಿರಿ

ಕ್ಯಾಮೆರಾದ ಮೂಲ ಫೈಲುಗಳನ್ನೇ ನೇರ ಎಡಿಟ್ ಮಾಡುವವರಿಗೆ ನಾಲ್ಕು ಕ್ಯಾಮೆರಾ ಸೇರಿ ಸೆಕೆಂಡಿಗೆ 50 ಎಂಬಿ ಮಾತ್ರ ಬೇಕು. ಅಲ್ಲಿ ಚಿತ್ರ ತಡವರಿಸುತ್ತಿದ್ದರೆ ತಪ್ಪು ಹೆಚ್ಚಾಗಿ ಡಿಸ್ಕಿನದಲ್ಲ. ಸಂಕುಚಿತ ವಿಡಿಯೊವನ್ನು ಬಿಡಿಸುವ ಪ್ರೊಸೆಸರ್ ಅಥವಾ ಗ್ರಾಫಿಕ್ಸ್ ಕಾರ್ಡಿನದು. ಪತ್ತೆಗೆ ಸುಲಭ ದಾರಿ: ಟೈಮ್‌ಲೈನ್ ಓಡುತ್ತಿರುವಾಗ ಐಒಸ್ಟ್ಯಾಟ್ ಆದೇಶವನ್ನು ಎಕ್ಸ್ ಆಯ್ಕೆಯೊಂದಿಗೆ, 1 ಸೆಕೆಂಡ್ ಅಂತರದಲ್ಲಿ ಓಡಿಸಿ. ಅದು ಸಿಸ್‌ಸ್ಟ್ಯಾಟ್ ಪ್ಯಾಕೇಜಿನಲ್ಲಿದೆ. ಹಾರ್ಡ್ ಡಿಸ್ಕಿನ ಯುಟಿಲ್ ಕಾಲಂ (ನೂರಕ್ಕೆ ಎಷ್ಟು ಹೊತ್ತು ದುಡಿಯುತ್ತಿದೆ) 100ರ ಹತ್ತಿರ ನಿಂತು, ಆರ್-ಅವೇಟ್ (ಒಂದು ಓದಿಗೆ ಕಾಯುವ ಸಮಯ) ಹತ್ತಾರು ಮಿಲಿಸೆಕೆಂಡಿಗೆ ಏರಿದ್ದರೆ ಡಿಸ್ಕ್ ಏದುಸಿರು ಬಿಡುತ್ತಿದೆ ಎಂದರ್ಥ. ಎನ್‌ವಿಎಂಇ ಎಂಬ ಬಹುವೇಗದ ಎಸ್‌ಎಸ್‌ಡಿಗೆ ಯುಟಿಲ್ ಕಾಲಂ ನಂಬಬೇಡಿ. ಅದು ಏಕಕಾಲಕ್ಕೆ ಹಲವು ಕೋರಿಕೆ ನಿಭಾಯಿಸುವುದರಿಂದ 100 ತೋರಿಸಿದರೂ ಇನ್ನೂ ತ್ರಾಣವಿರುತ್ತದೆ.

ಇನ್ನೊಂದು ಕಡೆಯೂ ನೋಡಬೇಕು. ಡಿಸ್ಕ್‌ಗಳು ಒಂದು ಸರ್ವರ್‌ನಲ್ಲಿದ್ದು ಎಡಿಟರ್ ಬೇರೆ ಮೇಜಿನಲ್ಲಿ ಕೂತು ಗಿಗಾಬಿಟ್ ಕೇಬಲ್ ಮೂಲಕ ಓದುತ್ತಿದ್ದರೆ ಆ ಕೇಬಲ್ ಕೊಡುವುದೇ ಸೆಕೆಂಡಿಗೆ 110 ಎಂಬಿ ಆಸುಪಾಸು. ಒಂದೇ ಹಾರ್ಡ್ ಡಿಸ್ಕ್ ಅದನ್ನು ತುಂಬಬಲ್ಲದು. ನಾಲೆ ಸಣ್ಣದಾಗಿರುವಾಗ ಕಟ್ಟೆಯ ತೂಬು ಅಗಲ ಮಾಡಿದರೆ ಗದ್ದೆಗೆ ನೀರು ಹೆಚ್ಚು ಬರುವುದಿಲ್ಲ. ಹಣವಿದ್ದರೆ ಮೊದಲು 10 ಗಿಗಾಬಿಟ್ ಕಾರ್ಡು.

ಹಾರ್ಡ್ ಡಿಸ್ಕಿನ ತಲೆ ಕುಣಿಯುವ ಲೆಕ್ಕ

7200 ಸುತ್ತಿನ ಹಾರ್ಡ್ ಡಿಸ್ಕ್ ಒಂದೇ ಫೈಲನ್ನು ಸರಾಗವಾಗಿ ಓದುವಾಗ ಸೆಕೆಂಡಿಗೆ 200 ಎಂಬಿ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ನಾಲ್ಕು ಫೈಲ್ ಒಟ್ಟಿಗೆ ಓದುವಾಗ ಓದುವ ತಲೆ ಒಂದರಿಂದ ಇನ್ನೊಂದಕ್ಕೆ ಜಿಗಿಯಬೇಕು. ತಟ್ಟೆ ಅರ್ಧ ಸುತ್ತು ಬರಲು 4.17 ಮಿಲಿಸೆಕೆಂಡ್, ತೋಳು ಸರಿಯಲು ಸುಮಾರು 8. ಒಂದು ಜಿಗಿತಕ್ಕೆ 12 ಮಿಲಿಸೆಕೆಂಡ್ ಹೋಯಿತು. ಜಿಗಿದಾಗಲೆಲ್ಲ ಬರೀ 1 ಎಂಬಿ ಓದಿದರೆ ಓದಿಗೆ 5, ಜಿಗಿತಕ್ಕೆ 12, ಒಟ್ಟು 17 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ 59 ಎಂಬಿ ಮಾತ್ರ! ಪೆಟ್ಟಿಗೆಯ ಮೇಲೆ ಅಚ್ಚಾದ ವೇಗದ ಮೂರನೇ ಒಂದು ಭಾಗವೂ ಇಲ್ಲ.

ಜಿಗಿದಾಗ 8 ಎಂಬಿ ಓದಿದರೆ? ಓದಿಗೆ 40, ಜಿಗಿತಕ್ಕೆ 12, ಒಟ್ಟು 52 ಮಿಲಿಸೆಕೆಂಡ್. ಸೆಕೆಂಡಿಗೆ 154 ಎಂಬಿ. ಒಂದು ರೂಪಾಯಿ ಖರ್ಚಿಲ್ಲದೆ ಎರಡೂವರೆ ಪಟ್ಟು. ಅದೇ 8 ಎಂಬಿಯನ್ನು ಎರಡು ಡಿಸ್ಕ್‌ನ ಸ್ಟ್ರೈಪ್‌ನಿಂದ ಓದಿದರೆ ಪ್ರತಿ ಡಿಸ್ಕ್‌ಗೆ 4 ಎಂಬಿ, 20 ಮತ್ತು 12 ಸೇರಿ 32 ಮಿಲಿಸೆಕೆಂಡ್. ಸೆಕೆಂಡಿಗೆ 250 ಎಂಬಿ. ನಮಗೆ ಬೇಕಾದ 246 ಕಷ್ಟಪಟ್ಟು ಸಿಕ್ಕಿತು. ಆದರೆ ಅದೇ ಸ್ಟ್ರೈಪ್‌ನಲ್ಲಿ 1 ಎಂಬಿಯ ಓದು ಎಂದರೆ 2.5 ಮತ್ತು 12: ಸೆಕೆಂಡಿಗೆ 69 ಎಂಬಿ. ಎರಡನೇ ಡಿಸ್ಕ್ ಕೊಂಡದ್ದು ದಂಡ.

ಆದ್ದರಿಂದ ಮುಂದೋದು, ಅಂದರೆ ರೀಡ್-ಅಹೆಡ್, ಸ್ಟ್ರೈಪಿಂಗ್‌ನಷ್ಟೇ ಮುಖ್ಯ. ಬ್ಲಾಕ್‌ಡೆವ್ ಆದೇಶದ ಗೆಟ್‌ಆರ್‌ಎ ಈಗಿನ ಮೌಲ್ಯ ತೋರಿಸುತ್ತದೆ, ಸೆಟ್‌ಆರ್‌ಎ ಬದಲಿಸುತ್ತದೆ. ಅಳತೆ 512 ಬೈಟಿನ ಸೆಕ್ಟರ್‌ನಲ್ಲಿ: 8 ಎಂಬಿಗೆ 16384. ರೀಬೂಟ್ ಆದರೆ ಇದು ಅಳಿದುಹೋಗುತ್ತದೆ, ಉಳಿಯಬೇಕೆಂದರೆ ಯುಡೆವ್ ನಿಯಮವಾಗಿ (ಡಿಸ್ಕ್ ಕಂಡಾಗಲೆಲ್ಲ ತಾನೇ ಜಾರಿಯಾಗುವ ಸೂಚನೆಯಾಗಿ) ಬರೆಯಬೇಕು. ಎಲ್‌ವಿಎಂನಲ್ಲಿ ಎಲ್‌ವಿಚೇಂಜ್‌ನ ಸಣ್ಣ ಆರ್ ಆಯ್ಕೆಯಿಂದ ಕೊಟ್ಟರೆ ಅದೇ ನೆನಪಿಟ್ಟುಕೊಳ್ಳುತ್ತದೆ. ಝಡ್‌ಎಫ್‌ಎಸ್‌ಗೆ ತನ್ನದೇ ಮುಂದೋದು ಇದೆ, ಈ ಆದೇಶ ಅದಕ್ಕೆ ತಾಗುವುದಿಲ್ಲ.

ಇಷ್ಟು ಲೆಕ್ಕ ಹಾಕಿದ ಮೇಲೆ ಇನ್ನೊಂದು ಮಾತೂ ಹೇಳಬೇಕು. ಸಾಟಾ ಎಸ್‌ಎಸ್‌ಡಿ ಒಂದೇ ಸೆಕೆಂಡಿಗೆ 500 ಎಂಬಿಗೂ ಮೀರಿ ಓದುತ್ತದೆ, ಅದಕ್ಕೆ ಜಿಗಿತದ ದಂಡವಿಲ್ಲ. 4 ಟಿಬಿಯ ಒಂದು ಎಸ್‌ಎಸ್‌ಡಿ ಕೊಳ್ಳುವ ಶಕ್ತಿಯಿದ್ದರೆ ಮೇಲಿನ ಕೆಲಸಕ್ಕೆ ಸ್ಟ್ರೈಪಿಂಗೇ ಬೇಡ. ಎರಡು ಎನ್‌ವಿಎಂಇಗಳನ್ನು ಸ್ಟ್ರೈಪ್ ಮಾಡುವುದು ವಿಡಿಯೊ ಕೆಲಸದಲ್ಲಿ ಬಹುಪಾಲು ಶೋಕಿ. ಅದರಲ್ಲೂ ಎರಡೂ ಮದರ್‌ಬೋರ್ಡಿನ ಚಿಪ್‌ಸೆಟ್ ಮೂಲಕವೇ ಹಾದುಹೋಗುತ್ತಿದ್ದರೆ ಅಲ್ಲಿಂದ ಪ್ರೊಸೆಸರ್‌ಗೆ ಹೋಗುವ ದಾರಿ ಒಂದೇ, ವೇಗ ಕೂಡುವುದಿಲ್ಲ. ಸ್ಟ್ರೈಪಿಂಗ್ ನಿಜಕ್ಕೂ ಕೈಹಿಡಿಯುವುದು ದೊಡ್ಡ ಹಾರ್ಡ್ ಡಿಸ್ಕ್‌ಗಳಿಂದಲೇ ಕೆಲಸ ತೆಗೆಯಬೇಕಾದಾಗ, ಅಥವಾ ಕೈಯಲ್ಲಿ ಸಣ್ಣ ಎಸ್‌ಎಸ್‌ಡಿಗಳು ಇದ್ದು ಅವುಗಳನ್ನೇ ಕೂಡಿಸಬೇಕಾದಾಗ.

ತುಂಡಿನ ಗಾತ್ರ

ಒಂದು ಡಿಸ್ಕ್‌ಗೆ ಒಂದು ಸರದಿಯಲ್ಲಿ ಎಷ್ಟು ಬರೆಯಬೇಕು ಎಂಬುದೇ ಚಂಕ್. ಎಂಡಿಯ ರೂಢಿಯ ಗಾತ್ರ 512 ಕೆಬಿ, ಎಲ್‌ವಿಎಂನದು 64 ಕೆಬಿ, ಬಿಟಿಆರ್‌ಎಫ್‌ಎಸ್‌ನದು 64 ಕೆಬಿಗೆ ಕಟ್ಟುನಿಟ್ಟು. ಝಡ್‌ಎಫ್‌ಎಸ್‌ನಲ್ಲಿ ಸ್ಥಿರ ಚಂಕ್ ಇಲ್ಲ. ರೆಕಾರ್ಡ್‌ಸೈಜ್ ಎಂಬ ಗರಿಷ್ಠ ಮಿತಿಯಿದೆ, ರೂಢಿಯಲ್ಲಿ 128 ಕೆಬಿ.

ವಿಡಿಯೊ, ಸ್ಕ್ಯಾನ್ ಮಾಡಿದ ದೊಡ್ಡ ಚಿತ್ರಗಳು ಇಂಥವಕ್ಕೆ 256 ಅಥವಾ 512 ಕೆಬಿ ಸಾಕು. ಡೇಟಾಬೇಸ್ ತರಹ ಸಣ್ಣ ಸಣ್ಣ ಓದು ಹಲವಾರು ಏಕಕಾಲಕ್ಕೆ ಬರುವ ಕಡೆ ಒಂದು ಕೋರಿಕೆ ಒಂದೇ ಡಿಸ್ಕ್‌ನಲ್ಲಿ ಮುಗಿಯುವಂತಿರಬೇಕು, ಆಗ ಇನ್ನೊಂದು ಡಿಸ್ಕ್ ಇನ್ನೊಬ್ಬರ ಕೋರಿಕೆಗೆ ಬಿಡುವಾಗಿರುತ್ತದೆ. ಅಲ್ಲಿ 8 ಕೆಬಿಯ ಓದಿಗೆ 4 ಕೆಬಿಯ ಚಂಕ್ ಇಟ್ಟರೆ ಪ್ರತಿ ಓದಿಗೂ ಎರಡೂ ತಲೆ ಕುಣಿಯಬೇಕಾಗುತ್ತದೆ. ಸಣ್ಣ ಚಂಕ್ ಎಂದರೆ ಹೆಚ್ಚು ವೇಗ ಎಂಬ ಹಳೆಯ ನಂಬಿಕೆ ಹಾಳು ಮಾಡಿರುವುದು ಇಂಥ ಕಡೆಯೇ.

ಎಂಡಿ: ನೇರ, ಹಳೆಯ, ನಂಬಿಕಸ್ಥ

ಒಂದೇ ಕೆಲಸಕ್ಕೆ ಒಂದೇ ದೊಡ್ಡ ಜಾಗ ಬೇಕಾದರೆ ಇದು ಮೊದಲ ಆಯ್ಕೆ. ಹಂತಗಳು ಹೀಗೆ:

1. ಎಲ್‌ಎಸ್‌ಬಿಎಲ್‌ಕೆ ಆದೇಶದಲ್ಲಿ ಹೆಸರು, ಗಾತ್ರ, ಮಾದರಿ, ಸೀರಿಯಲ್ ಕಾಲಂಗಳನ್ನು ತೆರೆದು ಯಾವ ಡಿಸ್ಕ್ ಯಾವುದೆಂದು ಕಾಗದದ ಮೇಲೆ ಬರೆದುಕೊಳ್ಳಿ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ರೀಬೂಟಿಗೊಮ್ಮೆ ಅದಲುಬದಲಾಗಬಹುದು, ಸೀರಿಯಲ್ ಸಂಖ್ಯೆ ಬದಲಾಗದು.

2. ಹಳೆಯ ಗುರುತುಗಳನ್ನು ವೈಪ್‌ಎಫ್‌ಎಸ್‌ನ ಎ ಆಯ್ಕೆಯಿಂದ ಅಳಿಸಿ. ಇಲ್ಲಿ ಡಿಸ್ಕ್ ತಪ್ಪಿದರೆ ಗ್ರಾಹಕರ ಮದುವೆ ಹೋಯಿತು. ಎಂಟರ್ ಒತ್ತುವ ಮುನ್ನ ಸೀರಿಯಲ್ ಇನ್ನೊಮ್ಮೆ ನೋಡಿ.

3. ಪ್ರತಿ ಡಿಸ್ಕ್‌ನಲ್ಲೂ ಜಿಪಿಟಿ (ಪಾರ್ಟಿಷನ್‌ಗಳ ಪಟ್ಟಿ) ಮಾಡಿ, 1 ಎಂಬಿಯಿಂದ ಆರಂಭವಾಗುವ ಒಂದೇ ಪಾರ್ಟಿಷನ್ ಹಾಕಿ, ಕೊನೆಯಲ್ಲಿ 100 ಎಂಬಿ ಖಾಲಿ ಬಿಡಿ. ಪಾರ್ಟಿಷನ್ ಇಲ್ಲದೆ ಇಡೀ ಡಿಸ್ಕನ್ನೇ ಕೊಡುವುದೂ ಸಾಧ್ಯ, ಆದರೆ ಬೇಡ. ಎಂಡಿಯ 1.2 ಮಾದರಿಯ ಗುರುತು ಡಿಸ್ಕಿನ ಆರಂಭದಿಂದ 4 ಕೆಬಿ ದೂರದಲ್ಲಿ ಕೂರುತ್ತದೆ, ಅದು ಜಿಪಿಟಿ ಇರಬೇಕಾದ ಜಾಗ. ಕೆಲವು ಮದರ್‌ಬೋರ್ಡುಗಳು ಡಿಸ್ಕಿನ ಕೊನೆಯಲ್ಲಿ ಉಳಿದ ಹಳೆಯ ಜಿಪಿಟಿ ನಕಲನ್ನು ಕಂಡು ಉಪಕಾರ ಮಾಡಲು ಹೊರಟು ಆ ಗುರುತಿನ ಮೇಲೆಯೇ ಬರೆದುಬಿಡುತ್ತವೆ. ಕೊನೆಯ 100 ಎಂಬಿ ಖಾಲಿ ಇಡುವುದು, ಮುಂದೆ ಕನ್ನಡಿ ಜೋಡಿ (ಎರಡೂ ಡಿಸ್ಕ್‌ನಲ್ಲಿ ಒಂದೇ ಡೇಟಾದ ಪ್ರತಿ) ಮಾಡಿದಾಗ ಬದಲಿ ಡಿಸ್ಕ್ ಕೂದಲಷ್ಟು ಸಣ್ಣದು ಬಂದರೂ ಕೂರಲಿ ಎಂದು.

4. ಎಂಡಿಆಡ್ಮ್ ಆದೇಶದಲ್ಲಿ ಕ್ರಿಯೇಟ್, ಹೆಸರು ಎಂಡಿ0, ಲೆವೆಲ್ 0 (ಅಂದರೆ ಬರೀ ಸ್ಟ್ರೈಪ್), ರೇಡ್-ಡಿವೈಸಸ್ 2, ಚಂಕ್ 256ಕೆ, ನಂತರ ಎರಡು ಪಾರ್ಟಿಷನ್‌ಗಳು. ಪ್ರಾಕ್ ಫೋಲ್ಡರಿನ ಎಂಡಿಸ್ಟ್ಯಾಟ್ ಫೈಲ್ ತೆರೆದರೆ ಸ್ಥಿತಿ ಕಾಣುತ್ತದೆ.

5. ಫೈಲ್ ಸಿಸ್ಟಂ. ಎಕ್ಸ್‌ಎಫ್‌ಎಸ್ ಹಾಕಿದರೆ ಚಂಕ್ ಮತ್ತು ಡಿಸ್ಕ್ ಸಂಖ್ಯೆಯನ್ನು ತಾನೇ ಕಂಡುಕೊಳ್ಳುತ್ತದೆ. ಚಂಕ್ 512 ಕೆಬಿ ಇದ್ದಾಗ ಲಾಗ್ ಸ್ಟ್ರೈಪ್ ಯೂನಿಟ್ ಹೆಚ್ಚಾಯಿತು, 32 ಕೆಬಿಗೆ ಇಳಿಸಿದ್ದೇನೆ ಎಂಬ ಎಚ್ಚರಿಕೆ ಬರುತ್ತದೆ, ಗಾಬರಿ ಬೇಡ. ಎಕ್ಸ್‌ಟಿ4 ಆದರೆ ಲೆಕ್ಕವನ್ನು ಒಮ್ಮೆ ತಾಳೆ ನೋಡಿ: ಸ್ಟ್ರೈಡ್ ಎಂದರೆ ಚಂಕ್ ಭಾಗಿಸು 4 ಕೆಬಿ, ಅಂದರೆ 64, ಸ್ಟ್ರೈಪ್-ವಿಡ್ತ್ ಅದರ ಎರಡರಷ್ಟು, 128.

6. ಎಂಡಿಆಡ್ಮ್‌ನ ಡೀಟೇಲ್ ಮತ್ತು ಸ್ಕ್ಯಾನ್ ಆಯ್ಕೆಗಳು ಕೊಡುವ ಸಾಲನ್ನು ಇಟಿಸಿ ಫೋಲ್ಡರಿನೊಳಗಿನ ಎಂಡಿಆಡ್ಮ್ ಫೋಲ್ಡರಿನ ಕಾನ್ಫ್ ಫೈಲಿಗೆ ಸೇರಿಸಿ, ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಅನ್ನು ಯು ಆಯ್ಕೆಯೊಂದಿಗೆ ಓಡಿಸಿ. ಇದನ್ನು ಮರೆತವರಿಗೆ ಮುಂದಿನ ಬೂಟಿನಲ್ಲಿ ಎಂಡಿ0 ಮಾಯವಾಗಿ ಎಂಡಿ127 ಎಂಬ ಹೊಸ ಹೆಸರು ಕಾಣುತ್ತದೆ. ಡೇಟಾ ಎಲ್ಲಿಗೂ ಹೋಗಿಲ್ಲ, ಹೆಸರು ಮಾತ್ರ ಬದಲಾಗಿದೆ.

7. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟಿನಲ್ಲಿ ಯಾವ ಡಿಸ್ಕ್ ಎಲ್ಲಿ ತೆರೆಯಬೇಕೆಂಬ ಪಟ್ಟಿ) ಹೆಸರಿನ ಬದಲು ಯುಯುಐಡಿ ಎಂಬ ಬದಲಾಗದ ಗುರುತು ಬಳಸಿ, ನೋಫೇಲ್ ಮತ್ತು ನೋಎಟೈಮ್ (ಓದಿದ ಸಮಯ ದಾಖಲಿಸಬೇಡ ಎಂಬ ಸೂಚನೆ) ಸೇರಿಸಿ. ನೋಫೇಲ್ ಇಲ್ಲದಿದ್ದರೆ ಒಂದು ಡಿಸ್ಕ್ ಕಾಣದ ದಿನ ಕಂಪ್ಯೂಟರೇ ಎಮರ್ಜೆನ್ಸಿ ಮೋಡ್‌ನಲ್ಲಿ ಕೂತುಬಿಡುತ್ತದೆ.

4 ಟಿಬಿ ಮತ್ತು 6 ಟಿಬಿ ಡಿಸ್ಕ್ ಜೋಡಿಸಿದರೆ ಎಂಡಿ ಮೊದಲ 8 ಟಿಬಿಯನ್ನು ಎರಡರ ಮೇಲೂ ಹಂಚಿ, ಉಳಿದ 2 ಟಿಬಿಯನ್ನು ದೊಡ್ಡ ಡಿಸ್ಕ್‌ನಲ್ಲಷ್ಟೇ ಇಡುತ್ತದೆ. ಮುಕ್ಕಾಲು ತುಂಬುವ ತನಕ ಚೆನ್ನಾಗಿದ್ದ ವೇಗ ಆಮೇಲೆ ಒಂದು ಡಿಸ್ಕಿನ ಮಟ್ಟಕ್ಕೆ ಕುಸಿದರೆ ಕಾರಣ ಇದೇ.

ಈಗ ಎಂಡಿಯ ನಿಜವಾದ ಗುಟ್ಟು. ಎರಡೇ ಡಿಸ್ಕ್ ಇದ್ದರೂ ಸ್ಟ್ರೈಪ್, ಕನ್ನಡಿ ಎರಡೂ ಸೇರಿದ ಲೆವೆಲ್ 10 ಮಾಡಬಹುದು, ಲೇಔಟ್ ಎಫ್2 ಎಂದು ಕೊಟ್ಟರೆ. ಎಫ್ ಎಂದರೆ ಫಾರ್, ದೂರ. ಮೊದಲ ಪ್ರತಿ ಎರಡೂ ಡಿಸ್ಕ್‌ಗಳ ಹೊರ ಅರ್ಧದಲ್ಲಿ ಸ್ಟ್ರೈಪ್ ಆಗಿ ಕೂರುತ್ತದೆ; ಎರಡನೇ ಪ್ರತಿ ಒಳ ಅರ್ಧದಲ್ಲಿ, ಡಿಸ್ಕ್ ಅದಲುಬದಲಾಗಿ. ಓದು ಬಹುತೇಕ ಲೆವೆಲ್ 0ರಷ್ಟೇ ವೇಗ, ಅದೂ ತಟ್ಟೆಯ ವೇಗದ ಹೊರಭಾಗದಿಂದಲೇ. ಒಂದು ಡಿಸ್ಕ್ ಸತ್ತರೂ ಎಲ್ಲ ಫೈಲೂ ಉಳಿಯುತ್ತದೆ. ಬೆಲೆ ಏನು? ಜಾಗ ಅರ್ಧ, ಬರೆಯುವಾಗ ತಲೆ ಹೊರಗಿಂದ ಒಳಗೆ ಓಡಾಡಬೇಕು, ಬರಹದ ವೇಗ ಒಂದು ಡಿಸ್ಕಿಗಿಂತಲೂ ಕೆಳಗಿಳಿಯಬಹುದು, ಮುಂದೆ ಡಿಸ್ಕ್ ಸೇರಿಸಿ ಹಿಗ್ಗಿಸಲು ಆಗದು. ಒಮ್ಮೆ ತುಂಬಿ ಹತ್ತು ದಿನ ಓದುತ್ತಲೇ ಇರುವ ಎಡಿಟಿಂಗ್ ಮೇಜಿಗೆ ಹೇಳಿ ಮಾಡಿಸಿದ್ದು. ಎರಡು ಹಾರ್ಡ್ ಡಿಸ್ಕ್ ಇರುವ ಸ್ಟುಡಿಯೊಗೆ ಲೆವೆಲ್ 0ಗಿಂತ ಮೊದಲು ಇದನ್ನೇ ಶಿಫಾರಸು ಮಾಡಬೇಕು.

ಎಲ್‌ವಿಎಂ: ಒಂದೇ ಮನೆ, ಬೇರೆ ಬೇರೆ ಕೋಣೆ

ಅವೇ ಎರಡು ಡಿಸ್ಕ್‌ಗಳ ಮೇಲೆ ಒಂದು ಭಾಗ ಸ್ಟ್ರೈಪ್, ಇನ್ನೊಂದು ಭಾಗ ಕನ್ನಡಿ ಬೇಕೆಂದರೆ ಎಲ್‌ವಿಎಂ. ಪರಿವರ್ತಿತ ವಿಡಿಯೊ ಹೋದರೆ ಮತ್ತೆ ಮಾಡಿಕೊಳ್ಳಬಹುದು. ಪ್ರಾಜೆಕ್ಟ್ ಫೈಲ್, ಬಣ್ಣದ ತಿದ್ದುಪಡಿ, ಶೀರ್ಷಿಕೆಗಳು ಹೋದರೆ ವಾರದ ಶ್ರಮ ಹೋಯಿತು. ಮೊದಲನೆಯದು ಸ್ಟ್ರೈಪ್‌ನಲ್ಲಿ, ಎರಡನೆಯದು ಕನ್ನಡಿಯಲ್ಲಿ ಇರಲಿ.

ಪಿವಿಕ್ರಿಯೇಟ್‌ನಿಂದ ಎರಡೂ ಪಾರ್ಟಿಷನ್ ಸಿದ್ಧಮಾಡಿ, ವಿಜಿಕ್ರಿಯೇಟ್‌ನಿಂದ ಒಂದು ಗುಂಪಿಗೆ ಸೇರಿಸಿ. ನಂತರ ಎಲ್‌ವಿಕ್ರಿಯೇಟ್: ಸಣ್ಣ ಐ ಆಯ್ಕೆಗೆ 2, ದೊಡ್ಡ ಐ ಆಯ್ಕೆಗೆ 256ಕೆ, ಗಾತ್ರ 4ಟಿ, ಹೆಸರು ‘ಕೆಲಸ’. ಸಣ್ಣ ಐ ಎಷ್ಟು ಡಿಸ್ಕ್ ಎಂದು ಹೇಳುತ್ತದೆ, ದೊಡ್ಡ ಐ ಚಂಕ್ ಎಷ್ಟೆಂದು. ಕನ್ನಡಿಗೆ ಟೈಪ್ ರೇಡ್1, ಎಂ ಆಯ್ಕೆಗೆ 1, ಗಾತ್ರ 500ಜಿ.

ಸಣ್ಣ ಐ ಮರೆತರೆ ಎಲ್‌ವಿಎಂ ಒಂದು ಮಾತೂ ಆಡದೆ ಡಿಸ್ಕ್‌ಗಳನ್ನು ಒಂದರ ಹಿಂದೊಂದು ಜೋಡಿಸಿಬಿಡುತ್ತದೆ. ಜಾಗ ಎರಡರಷ್ಟು, ವೇಗ ಒಂದರಷ್ಟೇ. ಎಲ್‌ವಿಎಂ ಸ್ಟ್ರೈಪ್ ಏನೂ ಪ್ರಯೋಜನವಿಲ್ಲ ಎಂದು ದೂರುವವರಲ್ಲಿ ಅನೇಕರು ಸ್ಟ್ರೈಪ್ ಮಾಡಿಯೇ ಇರುವುದಿಲ್ಲ. ಎಲ್‌ವಿಎಸ್ ಆದೇಶವನ್ನು ಸೆಗ್ಮೆಂಟ್ಸ್ ಆಯ್ಕೆಯೊಂದಿಗೆ ಓಡಿಸಿ. ಟೈಪ್ ಕಾಲಂನಲ್ಲಿ ಸ್ಟ್ರೈಪ್ಡ್ ಎಂದು ಕಾಣಬೇಕು, ಲೀನಿಯರ್ ಎಂದಲ್ಲ. ತಪ್ಪಾಗಿದ್ದರೆ ಡೇಟಾ ಬೇರೆಡೆಗೆ ತೆಗೆದು ಹೊಸದಾಗಿ ಮಾಡುವುದೇ ಸಲೀಸು. ಇದ್ದಲ್ಲೇ ಪರಿವರ್ತಿಸುವ ದಾರಿ ಇದೆ, ಆದರೆ ಹಲವು ಹಂತ.

ತುಂಬಿದ ದಿನ ಎಲ್‌ವಿಎಂ ಸ್ವಲ್ಪ ಮೊಂಡ. ಎರಡು ಡಿಸ್ಕ್‌ನ ಸ್ಟ್ರೈಪ್ ಹಿಗ್ಗಿಸಬೇಕಾದರೆ ಎರಡು ಬೇರೆ ಡಿಸ್ಕ್‌ಗಳಲ್ಲಿ ಖಾಲಿ ಜಾಗ ಬೇಕು. ಒಂದೇ ಹೊಸ ಡಿಸ್ಕ್ ಸೇರಿಸಿ ಹಿಗ್ಗಿಸಲು ಹೋದರೆ ಹಂಚಲು ತಕ್ಕ ಎಕ್ಸ್‌ಟೆಂಟ್ (ಜಾಗದ ತುಂಡು) ಸಾಲದು ಎಂದು ನಿರಾಕರಿಸುತ್ತದೆ. ಹಿಗ್ಗಿಸುವಾಗ ಐ 1 ಎಂದರೆ ಒಪ್ಪುತ್ತದೆ, ಆದರೆ ಆ ಬಾಲಕ್ಕೆ ಒಂದೇ ಡಿಸ್ಕಿನ ವೇಗ. ಡಿಸ್ಕ್ ಕೊಳ್ಳುವಾಗ ಜೋಡಿಯಾಗಿಯೇ ಕೊಳ್ಳಿ.

ಬಿಟಿಆರ್‌ಎಫ್‌ಎಸ್

ಡೇಟಾಗೆ ರೇಡ್0 (ಸ್ಟ್ರೈಪ್), ಮೆಟಾಡೇಟಾಗೆ (ಫೈಲ್‌ಗಳ ಹೆಸರು, ಜಾಗದ ವಿವರಗಳಿಗೆ) ರೇಡ್1 (ಕನ್ನಡಿ) ಎಂದು ಎಂಕೆಎಫ್‌ಎಸ್‌ನಲ್ಲೇ ಡಿ ಮತ್ತು ಎಂ ಆಯ್ಕೆಗಳಿಂದ ಹೇಳಬೇಕು. ಪ್ರತಿ ತುಂಡಿಗೂ ಚೆಕ್‌ಸಂ (ತಾಳೆ ನೋಡುವ ಸಂಖ್ಯೆ) ಇರುವುದರಿಂದ ಡೇಟಾ ಒಳಗೊಳಗೇ ಹುಳುಕು ಹಿಡಿದರೆ ಹೇಳುತ್ತದೆ. ಆದರೆ ರೇಡ್0ಯಲ್ಲಿ ಇನ್ನೊಂದು ಪ್ರತಿ ಇಲ್ಲದ ಕಾರಣ ಹೇಳುತ್ತದೆ ಅಷ್ಟೇ, ಸರಿಪಡಿಸದು. ಒಂದು ಡಿಸ್ಕ್ ಸತ್ತ ಮೇಲೆ ಮೌಂಟ್ ಮಾಡಲು ಆದರೂ ಸಿಗುವುದು ಫೈಲ್‌ಗಳ ಹೆಸರು, ಫೋಲ್ಡರ್‌ಗಳ ಪಟ್ಟಿ, ಕೆಲವು ಪುಟ್ಟ ಫೈಲ್‌ಗಳು. ವಿಡಿಯೊ 64 ಕೆಬಿಗೊಮ್ಮೆ ತೂತು ಬಿದ್ದ ಜಾಲರಿ.

ಹೊಸ ಡಿಸ್ಕ್ ಸೇರಿಸುವುದು, ಓಡುತ್ತಿರುವಾಗಲೇ ಬ್ಯಾಲೆನ್ಸ್ ಆದೇಶದಿಂದ ರೇಡ್0ಯನ್ನು ರೇಡ್1ಕ್ಕೆ ಬದಲಿಸುವುದು ಇಲ್ಲಿ ಸುಲಭ, ಅದೇ ಇದರ ಹೆಗ್ಗಳಿಕೆ. ರೇಡ್5, ರೇಡ್6 ಪ್ರಕಾರಗಳಿಗೆ ಮಾತ್ರ ಕೈಹಾಕಬೇಡಿ. ಬರೆಯುವ ನಡುವೆ ಕರೆಂಟ್ ಹೋದರೆ ಪ್ಯಾರಿಟಿ (ಕೆಟ್ಟ ಡಿಸ್ಕಿನ ಡೇಟಾ ಮರಳಿ ಲೆಕ್ಕಹಾಕಲು ಇಡುವ ಮಾಹಿತಿ) ಹೊಂದಾಣಿಕೆ ತಪ್ಪುವ ಸಮಸ್ಯೆ ಅಲ್ಲಿದೆ. ಜಾಗ ಎಷ್ಟಿದೆ ಎಂದು ಡಿಎಫ್ ಕೇಳಬೇಡಿ, ಬಿಟಿಆರ್‌ಎಫ್‌ಎಸ್‌ನದೇ ಫೈಲ್‌ಸಿಸ್ಟಂ ಯೂಸೇಜ್ ಆದೇಶ ಕೇಳಿ.

ಝಡ್‌ಎಫ್‌ಎಸ್

ಇಲ್ಲಿ ಸರದಿಯ ಹಂಚಿಕೆಯಿಲ್ಲ. ಬರೆಯುವ ಕ್ಷಣದಲ್ಲಿ ಯಾವ ವಿಡೆವ್‌ನಲ್ಲಿ (ಒಂಟಿ ಡಿಸ್ಕ್ ಅಥವಾ ಕನ್ನಡಿ ಜೋಡಿಯಂಥ ಘಟಕದಲ್ಲಿ) ಜಾಗ ಹೆಚ್ಚಿದೆ ಎಂದು ನೋಡಿ ಹೆಚ್ಚು ಪಾಲು ಅಲ್ಲಿಗೆ ಕಳಿಸುತ್ತದೆ. ಹಾಗಾಗಿ ತುಂಬಿದ ಪೂಲ್‌ಗೆ (ವಿಡೆವ್‌ಗಳೆಲ್ಲ ಸೇರಿದ ಒಟ್ಟು ಜಾಗಕ್ಕೆ) ಹೊಸ ಜೋಡಿ ಡಿಸ್ಕ್ ಸೇರಿಸಿದರೆ ಹಳೆಯ ಫೈಲ್ ಹಳೆಯ ಡಿಸ್ಕ್‌ಗಳಲ್ಲೇ ಉಳಿಯುತ್ತದೆ, ಹೊಸ ಬರಹ ಬಹುಪಾಲು ಹೊಸ ಡಿಸ್ಕ್‌ಗೇ ಹೋಗುತ್ತದೆ. ಡಿಸ್ಕ್ ಸೇರಿಸಿದೆ, ವೇಗ ಹೆಚ್ಚಲಿಲ್ಲ ಎನ್ನುವವರು ಫೈಲ್‌ಗಳನ್ನು ಹೊಸದಾಗಿ ನಕಲು ಮಾಡಿ ಹಳೆಯದನ್ನು ಅಳಿಸಿ ನೋಡಬೇಕು.

ನಾಲ್ಕು ಡಿಸ್ಕ್ ಇದ್ದರೆ ಕನ್ನಡಿ ಜೋಡಿ ಎರಡು: ಝಡ್‌ಪೂಲ್ ಕ್ರಿಯೇಟ್, ಎಶಿಫ್ಟ್ 12 (ಅಂದರೆ 4 ಕೆಬಿಯ ಸೆಕ್ಟರ್), ಮಿರರ್ ಪದ ಎರಡು ಡಿಸ್ಕ್, ಮತ್ತೆ ಮಿರರ್ ಪದ ಎರಡು ಡಿಸ್ಕ್. ಡಿಸ್ಕ್ ಹೆಸರನ್ನು ಬೈ-ಐಡಿ ಫೋಲ್ಡರಿನಿಂದಲೇ ಕೊಡಿ. ವಿಡಿಯೊ ಇಡುವ ಡೇಟಾಸೆಟ್‌ಗೆ (ಪೂಲ್‌ನೊಳಗಿನ ವಿಭಾಗಕ್ಕೆ) ರೆಕಾರ್ಡ್‌ಸೈಜ್ 1ಎಂ, ಎಟೈಮ್ ಆಫ್. ರೆಕಾರ್ಡ್‌ಸೈಜ್ ಬದಲಾವಣೆ ಆಮೇಲೆ ಬರೆಯುವ ಫೈಲ್‌ಗಷ್ಟೇ ಅನ್ವಯ.

ಇಲ್ಲಿ ದೊಡ್ಡ ಅಪಾಯ ಎರಡು ಪದಗಳ ನಡುವೆ ಇದೆ. ಝಡ್‌ಪೂಲ್ ಅಟ್ಯಾಚ್ ಎಂದರೆ ಇರುವ ಡಿಸ್ಕ್‌ಗೆ ಕನ್ನಡಿ ಜೋಡಿಸುವುದು. ಝಡ್‌ಪೂಲ್ ಆಡ್ ಎಂದರೆ ಇನ್ನೊಂದು ಎತ್ತನ್ನು ನೊಗಕ್ಕೆ ಕಟ್ಟುವುದು. ಕನ್ನಡಿ ಎಂದುಕೊಂಡು ಆಡ್ ಕೊಟ್ಟರೆ ಇಡೀ ಪೂಲ್ ಆ ಒಂಟಿ ಡಿಸ್ಕಿನ ಮೇಲೆ ನಿಲ್ಲುತ್ತದೆ. ಆಡ್ ಕೊಡುವ ಮುನ್ನ ಎನ್ ಆಯ್ಕೆಯೊಂದಿಗೆ ಓಡಿಸಿ, ಏನಾಗಲಿದೆ ಎಂದು ತೋರಿಸುತ್ತದೆ, ಏನನ್ನೂ ಮಾಡುವುದಿಲ್ಲ.

ರ‍್ಯಾಮ್ ಧಾರಾಳವಾಗಿ ಬಳಸುತ್ತದೆ, ಎಡಿಟಿಂಗ್ ತಂತ್ರಾಂಶವೂ ಅದೇ ಯಂತ್ರದಲ್ಲಿ ಓಡುವುದಾದರೆ ಎಆರ್‌ಸಿಗೆ (ರ‍್ಯಾಮಿನಲ್ಲಿ ಅದು ಇಟ್ಟುಕೊಳ್ಳುವ ಓದಿನ ಸಂಗ್ರಹಕ್ಕೆ) ಮಿತಿ ಹಾಕಿ. ಬೇರೆ ಸರ್ವರ್ ಇಟ್ಟು ಹಲವರು ಹಂಚಿಕೊಳ್ಳುವ ಕಡೆ ಝಡ್‌ಎಫ್‌ಎಸ್‌ಗೆ ಸಾಟಿಯಿಲ್ಲ. ಒಬ್ಬರೇ ಕೂರುವ ಒಂದು ಮೇಜಿಗೆ ಇದು ಭಾರವಾಯಿತು.

ವಿಂಡೋಸ್‌ನಲ್ಲಿ

ಡೈನಾಮಿಕ್ ಡಿಸ್ಕ್‌ನ ಸ್ಟ್ರೈಪ್ಡ್ ವಾಲ್ಯೂಮ್ ಹಳೆಯದು, ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿದೆ. ಸ್ಟೋರೇಜ್ ಸ್ಪೇಸಸ್‌ನ ಸಿಂಪಲ್ ಪ್ರಕಾರ ಬಳಸಿ, ಆದರೆ ಪರದೆಯ ಬಟನ್‌ಗಳಿಂದಲ್ಲ, ಪವರ್‌ಶೆಲ್‌ನಿಂದ. ಅಲ್ಲಿ ಕಾಲಂಗಳ (ಒಮ್ಮೆಗೆ ಎಷ್ಟು ಡಿಸ್ಕ್‌ಗೆ ಹಂಚಬೇಕು ಎಂಬ) ಸಂಖ್ಯೆಯನ್ನು ಡಿಸ್ಕ್‌ಗಳ ಸಂಖ್ಯೆಗೆ ಸಮ ಇಡಬಹುದು. ಇಂಟರ್‌ಲೀವ್, ಅಂದರೆ ಇಲ್ಲಿನ ಚಂಕ್, ರೂಢಿಯಲ್ಲಿ 256 ಕೆಬಿ, ಅದೇ ಇರಲಿ. ಎರಡು ಕಾಲಂ ಇದ್ದರೆ ಡಿಸ್ಕ್ ಸೇರಿಸುವುದೂ ಎರಡೆರಡಾಗಿಯೇ.

ಮಾಡಿದ್ದು ಫಲಿಸಿತೆ?

ಡಿಡಿ ಆದೇಶದಿಂದ ಸೊನ್ನೆಗಳನ್ನು ಬರೆದು ವೇಗ ಅಳೆಯುವುದು ಮೋಸ; ಕಂಪ್ರೆಷನ್ ಇರುವ ಝಡ್‌ಎಫ್‌ಎಸ್‌ನಲ್ಲಂತೂ ಸೊನ್ನೆ ಡಿಸ್ಕ್ ಮುಟ್ಟುವುದೇ ಇಲ್ಲ. ಡಿಸ್ಕ್ ವೇಗ ಅಳೆಯುವ ಫಿಯೋ ಬಳಸಿ: ಕೆಲಸ ರೀಡ್, ಬ್ಲಾಕ್ 1ಎಂ, ನಮ್‌ಜಾಬ್ಸ್ 4, ಪ್ರತಿ ಫೈಲ್ 20ಜಿ, ಸಮಯ 60 ಸೆಕೆಂಡ್. ನಾಲ್ಕು ಜಾಬ್ ಎಂದರೆ ನಾಲ್ಕು ಕ್ಯಾಮೆರಾ. ಎರಡು ಸಲ ಓಡಿಸಿ. ಡೈರೆಕ್ಟ್ 1 ಎಂದಾಗ ಮುಂದೋದು ಪಕ್ಕಕ್ಕೆ ಸರಿದು ಡಿಸ್ಕಿನ ಬರಿಯ ಶಕ್ತಿ ಕಾಣುತ್ತದೆ. ಡೈರೆಕ್ಟ್ 0 ಎಂದಾಗ ತಂತ್ರಾಂಶಕ್ಕೆ ನಿಜವಾಗಿ ಸಿಗುವುದು. ಎರಡನೆಯದಕ್ಕೆ ಮುನ್ನ ಡ್ರಾಪ್-ಕ್ಯಾಶಸ್‌ಗೆ 3 ಬರೆದು ನೆನಪು ಖಾಲಿ ಮಾಡಿ, ಇಲ್ಲದಿದ್ದರೆ ರ‍್ಯಾಮಿನ ವೇಗವನ್ನೇ ಡಿಸ್ಕಿನದೆಂದು ಹಿಗ್ಗುತ್ತೀರಿ. ಫೈಲ್‌ಗಳ ಒಟ್ಟು ಗಾತ್ರ ರ‍್ಯಾಮಿನ ಎರಡರಷ್ಟಿರಲಿ. ಇನ್ನೊಂದು: ಹಾರ್ಡ್ ಡಿಸ್ಕ್ ತುಂಬುತ್ತಾ ತಟ್ಟೆಯ ಒಳಗಿನ ಸುತ್ತಿಗೆ ಬಂದಂತೆ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಖಾಲಿ ಡಿಸ್ಕಿನಲ್ಲಿ ಬಂದ ಅಂಕಿ ವರ್ಷಪೂರ್ತಿ ಇರುವುದಿಲ್ಲ.

ವೇಗ ಬರದಿದ್ದರೆ ಐಒಸ್ಟ್ಯಾಟ್‌ನಲ್ಲಿ ಎರಡು ಡಿಸ್ಕ್‌ಗಳನ್ನು ಪಕ್ಕಪಕ್ಕ ನೋಡಿ. ಒಂದರ ಅವೇಟ್ 10, ಇನ್ನೊಂದರದು 60 ಇದ್ದರೆ ಸಣಕಲು ಎತ್ತು ಸಿಕ್ಕಿತು. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಅದರ 199ನೇ ಗುಣ ಏರುತ್ತಿದ್ದರೆ ಡಿಸ್ಕ್ ಅಲ್ಲ, ಸಾಟಾ ಕೇಬಲ್ ಬದಲಿಸಿ. 5, 197, 198 ಏರುತ್ತಿದ್ದರೆ ಡಿಸ್ಕನ್ನೇ ಬದಲಿಸಿ, ಅದೂ ಇವತ್ತೇ. ಬರೆಯುವುದು ಮೊದಲು ಚುರುಕಾಗಿದ್ದು ಕೆಲವು ನಿಮಿಷದ ಮೇಲೆ ತೆವಳತೊಡಗಿದರೆ ಅದು ಎಸ್‌ಎಂಆರ್ ಮಾದರಿಯ ಡಿಸ್ಕ್ ಇರಬಹುದು. ಪಟ್ಟಿಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹೊದಿಸಿ ಬರೆಯುವುದು ಅದರ ಗುಣ, ಸ್ಟ್ರೈಪ್‌ಗೆ ತಕ್ಕದ್ದಲ್ಲ. ಅಂಗಡಿಯಲ್ಲಿ ಕೊಳ್ಳುವಾಗಲೇ ಸಿಎಂಆರ್ (ಪಟ್ಟಿಗಳನ್ನು ಹಾಗೆ ಹೊದಿಸದ ಮಾದರಿ) ಎಂದು ಖಚಿತಪಡಿಸಿಕೊಳ್ಳಿ.

ಅಪಾಯದ ಲೆಕ್ಕ, ಬ್ಯಾಕಪ್

ಒಂದು ಡಿಸ್ಕ್ ವರ್ಷದಲ್ಲಿ ಕೆಡುವ ಸಾಧ್ಯತೆ ನೂರಕ್ಕೆ 2 ಎಂದು ಹಿಡಿದರೆ ಎರಡರ ಸ್ಟ್ರೈಪ್ ಕೆಡುವುದು ಸುಮಾರು 4, ನಾಲ್ಕರದು 7.8. ಮಂಡ್ಯದ ಕಡೆ ಧಾರೆ ಮುಗಿದು ಬೀಗರೂಟದ ಎಲೆ ಹಾಕುವ ಹೊತ್ತಿಗೇ ವಿಡಿಯೊ ತುಣುಕು ಎಲ್ಲಿ ಎಂದು ಕೇಳುತ್ತಾರೆ; ಆ ಅವಸರದಲ್ಲಿ ಕಾರ್ಡ್ ನಕಲಾದ ಕೂಡಲೇ ಫಾರ್ಮ್ಯಾಟ್ ಮಾಡುವುದೇ ದೊಡ್ಡ ತಪ್ಪು. ಕ್ರಮ ಹೀಗಿರಲಿ: ಕಾರ್ಡಿನಿಂದ ಮೊದಲು ಒಂಟಿ ಬ್ಯಾಕಪ್ ಡಿಸ್ಕ್‌ಗೆ, ಅಲ್ಲಿಂದ ಸ್ಟ್ರೈಪ್‌ಗೆ. ಎರಡೂ ಕಡೆ ಎಸ್‌ಎಚ್‌ಎ256ಸಂ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಿ, ಆಮೇಲೆ ಕಾರ್ಡ್ ಮುಟ್ಟಿ. ಕನ್ನಡಿ ಜೋಡಿಯೂ ಬ್ಯಾಕಪ್ ಅಲ್ಲ, ತಪ್ಪಿ ಅಳಿಸಿದ ಫೈಲ್ ಎರಡೂ ಕಡೆ ಒಟ್ಟಿಗೇ ಅಳಿಯುತ್ತದೆ. ಯುಪಿಎಸ್ ಇರಲೇಬೇಕು. ಕರೆಂಟ್ ಹೋಗಿ ಬಂದ ಮೇಲೆ ಕನ್ನಡಿ ಇರುವ ಎಂಡಿ ತಾನೇ ಮರುಹೊಂದಿಕೆ ಮಾಡಿಕೊಳ್ಳುತ್ತದೆ, ಆ ಹೊತ್ತು ವೇಗ ಕಡಿಮೆ ಕಂಡರೆ ಎಂಡಿಸ್ಟ್ಯಾಟ್ ನೋಡಿ ಸುಮ್ಮನಿರಿ.

ಬಿಚ್ಚುವ ಕ್ರಮ

ಡಿಸ್ಕ್‌ಗಳನ್ನು ಬೇರೆ ಕೆಲಸಕ್ಕೆ ತೆಗೆಯುವಾಗ ಸುಮ್ಮನೆ ಫಾರ್ಮ್ಯಾಟ್ ಮಾಡಿದರೆ ಹಳೆಯ ಗುರುತು ಉಳಿದು, ಹೊಸ ಯಂತ್ರದಲ್ಲಿ ಅರ್ಧ ಜೋಡಿ ಎಂದು ಎದ್ದು ಕೂರುತ್ತದೆ. ಎಂಡಿ ಆದರೆ ಅನ್‌ಮೌಂಟ್, ಎಂಡಿಆಡ್ಮ್ ಸ್ಟಾಪ್, ಪ್ರತಿ ಪಾರ್ಟಿಷನ್ ಮೇಲೆ ಜೀರೋ-ಸೂಪರ್‌ಬ್ಲಾಕ್. ಎಲ್‌ವಿಎಂ ಆದರೆ ಎಲ್‌ವಿರಿಮೂವ್, ವಿಜಿರಿಮೂವ್, ಪಿವಿರಿಮೂವ್, ಇದೇ ಅನುಕ್ರಮದಲ್ಲಿ. ಝಡ್‌ಎಫ್‌ಎಸ್ ಆದರೆ ಝಡ್‌ಪೂಲ್ ಡಿಸ್ಟ್ರಾಯ್, ನಂತರ ಲೇಬಲ್‌ಕ್ಲಿಯರ್. ಎಲ್ಲದಕ್ಕೂ ಕೊನೆಗೆ ವೈಪ್‌ಎಫ್‌ಎಸ್. ಎಫ್‌ಎಸ್‌ಟ್ಯಾಬ್ ಮತ್ತು ಎಂಡಿಆಡ್ಮ್ ಕಾನ್ಫ್‌ನಲ್ಲಿ ಬರೆದಿದ್ದ ಸಾಲುಗಳನ್ನು ತೆಗೆದು, ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಕಟ್ಟಿ, ಆ ಬಳಿಕವೇ ಯಂತ್ರ ಆಫ್ ಮಾಡಿ ಡಿಸ್ಕ್ ಕಳಚಿ.